ಹೊಂಗೆ ಮರದಡಿಯ ಕಬ್ಬಿಣದ ಲಿಂಗ

ಭಕ್ತಬಂಧುಗಳೇ, ಐದು ತಿಂಗಳು ನಾನು ಕೈಯಾರೆ ಪೂಜಿಸಿದ ದೇವರೇ ಸಿಡಿದು ನನ್ನ ಎರಡು ಕಣ್ಣೂ ಮುಚ್ಚಿಹೋದವು. ನಗಬೇಡಿ, ನಡೆದದ್ದೇ ಹಾಗೆ.

ಎಂಬತ್ತರ ದಶಕದ ನಡುವಿನ ಮಾತು. ಕೆಂಗೇರಿಯ ಆಚೆ ನಮಗೆ ರಾಗಿ ಹೊಲವಿತ್ತು. ಆಷಾಢದಲ್ಲಿ ಉಳುವಾಗ ನಮ್ಮ ಯಜಮಾನರ ನೇಗಿಲಿಗೆ ಮೊಳದುದ್ದದ ಕಬ್ಬಿಣದ ತುಂಡೊಂದು ಸಿಕ್ಕಿತು, ತಲೆ ದುಂಡಗಿತ್ತು. ನಮ್ಮತ್ತೆ ನೋಡಿದವರೇ ಕೈಮುಗಿದರು. "ಉದ್ಭವ ಲಿಂಗ ಕಣೇ! ಎಲ್ಲಾರ ಹೊಲದಲ್ಲೂ ಬರ್ತದಾ?" ಎಂದು ಕಣದ ಪಕ್ಕದ ಹೊಂಗೆ ಮರದಡಿ ನೆಡಿಸಿದರು. ದಿನಾ ಬೆಳಿಗ್ಗೆ ಒಂದು ಕೊಡ ನೀರು ಸುರಿದು ಅರಿಶಿನ ಕುಂಕುಮ ಇಡುವುದು ನನ್ನ ಪಾಲಿಗೆ ಬಂತು.

ರಾಗಿ ರಾಶಿಯಾದ ದಿನ ದೇವರ ಮುಂದೆ ಹಾಲುಕ್ಕಿಸುವುದು ನಮ್ಮ ಮನೆಯ ಪದ್ಧತಿ. ಹಾಲು ಅವನ ಕಡೆಗೇ ಉಕ್ಕಲಿ ಎಂದು ನಾನು, ಮಹಾ ಜಾಣೆ, ಮೂರು ಕಲ್ಲಿನ ಒಲೆಯನ್ನು ಲಿಂಗಕ್ಕೆ ಒತ್ತಿಯೇ ಹೂಡಿದೆ. ಹಾಲು ಮೇಲೇರುವುದನ್ನು ಬಗ್ಗಿ ನೋಡುತ್ತಿದ್ದೆ. ಬೆಳ್ಳಗೆ ಏನೋ ಅರಳಿದಂತಾಯಿತು. ಸದ್ದು ಕೇಳಿದ ನೆನಪೇ ಇಲ್ಲ.

ಹಾಲಿನ ವ್ಯಾನಿನಲ್ಲಿ ಮಲಗಿಸಿ ಸಿಟಿಯ ಆಸ್ಪತ್ರೆಗೆ ತಂದರಂತೆ. ಕಣ್ಣಿಗೆ ಪಟ್ಟಿ. "ಬಿಚ್ಚೋವರೆಗೂ ಏನೂ ಹೇಳೋಕಾಗಲ್ಲಮ್ಮ" ಎಂದರು ಡಾಕ್ಟರು. ಹಗಲು ರಾತ್ರಿ ಒಂದೇ ಆಯಿತು. ಆ ಕತ್ತಲಲ್ಲಿ ರಾಗಿ ತೆನೆಗಳು ತೂಗುತ್ತಿದ್ದವು, ನಾನು ಅವುಗಳ ಮೇಲೆ ತೇಲುತ್ತಿದ್ದೆ. ಅತ್ತೆ ದಿನಾ ಮೊದಲ ಬಸ್ಸಿಗೆ ಬಂದು ಗಂಜಿ ಕುಡಿಸುತ್ತಿದ್ದರು. ದೇವರೆಂದು ನೆಡಿಸಿದವರು ತಾವೇ ಎಂಬ ಸಂಕಟಕ್ಕೆ ಒಂದು ಮಾತೂ ಆಡುತ್ತಿರಲಿಲ್ಲ. ನನಗೂ ಅವರ ಮೇಲೆ, ಅವರ ದೇವರ ಮೇಲೆ, ಹೇಳತೀರದ ಸಿಟ್ಟು.

ಒಂದು ಮಧ್ಯಾಹ್ನ ಪೊಲೀಸಿನವರೊಬ್ಬರು ಬಂದರು. ಅದು ಯಾವ ಕಾಲದ್ದೋ ಸಿಡಿಯದೆ ಉಳಿದ ಫಿರಂಗಿ ಗುಂಡಂತೆ.

"ದಿನಾ ನೀರು ಹಾಕ್ತಿದ್ರಾ? ತುಕ್ಕಿನ ತೂತಲ್ಲಿ ಇಳಿದು ಒಳಗಿನ ಮದ್ದೆಲ್ಲಾ ಕೆಸರಾಗೋಗಿತ್ತು ಕಣಮ್ಮ. ಚೂರೇ ಚೂರು ಸಿಡಿದಿದೆ. ಇಲ್ಲಾಂದಿದ್ರೆ ಕಣದಲ್ಲಿದ್ದೋರು ಒಬ್ರೂ ಉಳೀತಿರ್ಲಿಲ್ಲ."

ಗುಂಡು ದೇವರಲ್ಲ, ಸರಿ. ಹಾಗಾದರೆ ಐದು ತಿಂಗಳು ನನ್ನ ಕೈಯಲ್ಲಿ ನೀರು ಹೊರಿಸಿದವನು ಯಾರು? ಬಿಕ್ಕಿಬಿಕ್ಕಿ ಅತ್ತುಬಿಟ್ಟೆ. "ತಪ್ಪಾಯ್ತು ಶಿವನೇ. ಒಂದೇ ಒಂದು ಕಣ್ಣು ಕೊಡು, ಸಾಕು" ಎಂದು ಬೇಡಿಕೊಂಡೆ.

ಪಟ್ಟಿ ಬಿಚ್ಚಿದ ಬೆಳಿಗ್ಗೆ ಎಡಗಣ್ಣು ಕತ್ತಲೆಯಾಗಿಯೇ ಉಳಿಯಿತು. ಬಲಗಣ್ಣಿನಲ್ಲಿ ಮೊದಲು ಮಂಜು ಕಾಣಿಸಿತು, ಆಮೇಲೆ ಆ ಮಂಜಿನೊಳಗಿಂದ ನಿಧಾನವಾಗಿ ಒಂದು ಮುಖ. ಅತ್ತೆ ಅಷ್ಟು ದಿನದ ಮೇಲೆ ಬಾಯಿಬಿಟ್ಟರು.

"ಕಾಣ್ತೀನೇನೇ?"

"ಕಾಣ್ತೀರಿ ಅತ್ತೆ. ಕುಂಕುಮ ಸೊಟ್ಟಗಿಟ್ಕೊಂಡಿದೀರ" ಎಂದೆ.

ಅವರು ಗೋಳೋ ಎಂದು ಅತ್ತರು. ನಾನು ಕೇಳಿದ್ದು ಒಂದು ಕಣ್ಣು, ಅವನು ಕೊಟ್ಟ. ಆ ಕಣ್ಣಿಗೆ ಮೊದಲು ಯಾರನ್ನು ತೋರಿಸಬೇಕೆಂಬುದೂ ಅವನಿಗೆ ಗೊತ್ತಿತ್ತು.