ಬಾತ್‌ಟಬ್ಬಿಗೆ ಬಾಗಿನ

ಇಂಗ್ಲೆಂಡಿನ ಕೊವೆಂಟ್ರಿಯ ಕಾರು ಕಾರ್ಖಾನೆಯಿಂದ ನಿವೃತ್ತರಾದ ಮಂಡ್ಯದ ಚೆಲುವೇಗೌಡರಿಗೆ ಸುಮ್ಮನಿರುವುದೆಂದರೆ ಆಗದು. ಹಿಂದೆ ಬೆಟ್ಟದ ಕೆರೆಗೆ ಅಣೆ ಕಟ್ಟಿ, ಹಲಗೆಯ ಕಾಲುವೆಯಲ್ಲಿ ನೀರು ಹರಿಸಿ ಮರದ ದಿಮ್ಮಿಗಳನ್ನು ಕೆಳಕ್ಕೆ ತೇಲಿಸುತ್ತಿದ್ದರೆಂದು ಓದಿದ್ದೇ ತಡ, ಮಹಡಿಯ ಬಾತ್‌ಟಬ್ಬಿನ ಅಂಚಿನಿಂದ ಅಡುಗೆಮನೆಯ ಸಿಂಕಿನವರೆಗೆ ಅಂಥದ್ದೇ ಕಾಲುವೆ ಕಟ್ಟಿದರು. ದಿಮ್ಮಿಗಳ ಬದಲು ನುಗ್ಗೆಕಾಯಿ.

ಟಬ್ಬು ತುಂಬಿತು. ತುಂಬಿದ ಅಣೆಕಟ್ಟೆಗೆ ಬಾಗಿನ ಅರ್ಪಿಸದೆ ನೀರು ಬಿಡುವುದುಂಟೇ? ಅರಿಶಿನ, ಕುಂಕುಮ, ಬಳೆ ಇಟ್ಟ ಮೊರವನ್ನು ಭಕ್ತಿಯಿಂದ ತೇಲಿಬಿಟ್ಟರು. ಅದು ನೆಟ್ಟಗೆ ಹೋಗಿ ಕಾಲುವೆಯ ಬಾಯಿಗೆ ಸಿಕ್ಕಿಕೊಂಡಿತು. ನಲ್ಲಿ ನಿಲ್ಲಿಸುವ ಬುದ್ಧಿ ಮಾತ್ರ ಬರಲಿಲ್ಲ. ನೀರು ಟಬ್ಬು ಮೀರಿ ಮೆಟ್ಟಿಲಿಳಿಯಿತು.

ಗೌಡರು ಮೇಲಿನಿಂದ ಗಂಭೀರವಾಗಿ ಕೂಗಿದರು: "ತಗ್ಗು ಪ್ರದೇಶದ ಜನರು ಸುರಕ್ಷಿತ ಸ್ಥಳಕ್ಕೆ ತೆರಳಬೇಕು!"

ಅಡುಗೆಮನೆಯಲ್ಲಿ ಪಾದ ಮುಳುಗುವಷ್ಟು ನೀರಿನಲ್ಲಿ ನಿಂತಿದ್ದ ಹೆಂಡತಿ ಲೀಲಾವತಿ ಅಬ್ಬರಿಸಿದರು: "ಜನರು ಅಂದ್ರೆ ಇಲ್ಲಿ ನಾನೊಬ್ಳೇ ಕಣ್ರೀ!"