ಹೊರಕ್ಕೆ ತಳ್ಳಿದ ಚಕ್ರಗಳು

ಟೈರು ಒಡೆದು ಕಾರು ಉರುಳಿದರೆ ಮೊದಲು ಡ್ರೈವರನ್ನೇ ಬೈಯುವ ಜನರನ್ನು ಕಂಡರೆ ನನಗೆ ಈ ವಯಸ್ಸಿನಲ್ಲೂ ಮೈ ಉರಿಯುತ್ತದೆ. ಕುಡಿದಿರಬೇಕು, ತೂಕಡಿಸಿರಬೇಕು ಅನ್ನುತ್ತಾರೆ. ಚಕ್ರದ ಕಡೆ ಬಗ್ಗಿ ನೋಡುವವರು ಒಬ್ಬರೂ ಇಲ್ಲ. ನೋಡಿದರೂ ಏನೂ ಕಾಣದಂತೆ ಮಾಡಿದ ಪಾಪಿ ನಾನು.

ಐವತ್ತರ ದಶಕದ ಕೊನೆ. ಅರಸೀಕೆರೆ ಸ್ಟೇಷನ್ ಎದುರು ನನ್ನ ಸೋದರಮಾವನ ಬಾಡಿಗೆ ಕಾರು ನಿಲ್ಲುತ್ತಿತ್ತು. ರೈಲಿಳಿದವರನ್ನು ಬೇಲೂರು, ಹಳೇಬೀಡಿಗೆ ಕರೆದೊಯ್ಯುವ ಕಾರು. ಹೈಸ್ಕೂಲು ಮುಗಿಸಿದ್ದ ನಾನು ಅದರ ರಿಪೇರಿ ನೋಡಿಕೊಳ್ಳುತ್ತಿದ್ದೆ. ಮಾವನಿಗೊಂದು ಶೋಕಿ. ಕಾರು ಎದೆಯುಬ್ಬಿಸಿ ನಿಂತ ಹಾಗೆ ಅಗಲವಾಗಿ ಕಾಣಬೇಕು, ಗಿರಾಕಿಗಳು ಪಕ್ಕದ ಗಾಡಿ ಬಿಟ್ಟು ಇದಕ್ಕೇ ಬರಬೇಕು. ಮುಂದಿನ ಎರಡೂ ಚಕ್ರಗಳ ಹಿಂದೆ ದಪ್ಪ ಕಬ್ಬಿಣದ ಬಿಲ್ಲೆ ಇಡಿಸಿ ಅವನ್ನು ಹೊರಕ್ಕೆ ತಳ್ಳಿಸಿದ. ಬೋಲ್ಟು ಬಿಗಿದವನು ನಾನೇ.

ಡ್ರೈವರು ಗೆಂಡೆಹಳ್ಳಿ ಕಡೆಯವನು, ನನಗಿಂತ ಬಹಳ ಹಿರಿಯ. ಮೊದಲ ಬಾಡಿಗೆ ಮುಗಿಸಿ ಬಂದವನೇ, "ಏನಪ್ಪಾ ಮಾಡಿಟ್ಟೆ? ಗುಂಡಿಗೆ ಬಿದ್ರೆ ಸಾಕು, ಸ್ಟಿಯರಿಂಗು ಕೈ ಕಿತ್ಕಂಡ್ ಹೋಯ್ತದೆ" ಎಂದ.

"ಮುದ್ದೆ ತಿನ್ನೋ ಕೈಗೆ ಅಷ್ಟೂ ಬಲ ಇಲ್ವೇನ್ಲಾ?" ಮಾವ ನಕ್ಕ.

ಬಲದ ಮಾತೇ ಅಲ್ಲ. ಮುಂದಿನ ಚಕ್ರ ಎಡಬಲಕ್ಕೆ ತಿರುಗುವುದು ಕಿಂಗ್‌ಪಿನ್ ಎಂಬ ಗಟ್ಟಿ ಕಂಬಿಯ ಮೇಲೆ. ಕಾರು ಮಾಡಿದವರು ಅದನ್ನು ಕೊಂಚ ಓರೆಯಾಗಿ ಇಟ್ಟಿರುತ್ತಾರೆ. ಅದರ ಗೆರೆಯನ್ನು ನೆಲದವರೆಗೆ ಎಳೆದರೆ ಟೈರು ಊರಿದ ಜಾಗದ ಹತ್ತಿರವೇ ಬರಬೇಕು. ಆಗ ಗಾಳಿ ಹೋದ ಟೈರು ನೆಲ ಕಚ್ಚಿದರೂ ಸ್ಟಿಯರಿಂಗಿಗೆ ಅಷ್ಟು ಎಳೆತವಿಲ್ಲ. ಚಕ್ರವನ್ನು ಹೊರಕ್ಕೆ ತಳ್ಳಿದಿರೋ, ಬಾಗಿಲನ್ನು ಕೀಲಿನ ಬಳಿ ಬಿಟ್ಟು ಅಂಚಿನಲ್ಲಿ ಹಿಡಿದೆಳೆದ ಹಾಗೆ, ಅದೇ ಟೈರು ಇಡೀ ಕಾರನ್ನು ತನ್ನ ಕಡೆಗೆ ತಿರುಚುತ್ತದೆ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದೆ.

ಒಂದು ದಿನ ಹಳೇಬೀಡಿನ ದಾರಿಯಲ್ಲಿ, ಹುಲಿಕೆರೆ ಹತ್ತಿರ ಮುಂದಿನ ಎಡ ಟೈರು ಒಡೆಯಿತು. ಕಾರು ಎಡಕ್ಕೆ ನುಗ್ಗಿ ರಾಗಿ ಹೊಲಕ್ಕೆ ಉರುಳಿತು. ಒಳಗಿದ್ದ ಗಂಡ ಹೆಂಡತಿ ತರಚುಗಾಯದಲ್ಲಿ ಪಾರಾದರು. ಡ್ರೈವರಿನ ಬಲಗೈ ಹೆಬ್ಬೆರಳು ಮುರಿದಿತ್ತು. ಸ್ಟಿಯರಿಂಗು ರಪ್ಪನೆ ತಿರುಗಿ ಅದರ ಕಡ್ಡಿ ಬೆರಳಿಗೆ ಬಡಿದಿತ್ತು. ಬಿಗಿಯಾಗಿ ಹಿಡಿದ ಕೈಗೇ ಹಾಗೆ ಬಡಿಯುವುದು. ಅಂಥವನ ಮೇಲೆ ಮಾವ ಸ್ಟೇಷನ್ ಮುಂದೆಲ್ಲ ಹಬ್ಬಿಸಿದ್ದೇನು? "ಬೀಡಿ ಹಚ್ಚೋಕೆ ಕೈ ಬಿಟ್ಟಿದ್ದ ಕಣ್ರೀ!" ಕೇಳಿದವರೆಲ್ಲ ತಲೆಯಾಡಿಸಿದರು. ಆ ಬೆರಳನ್ನು ಒಬ್ಬನಾದರೂ ನೋಡಬಾರದಿತ್ತೆ?

ಉರುಳಿದ ಗಾಡಿಯನ್ನು ತಪಾಸಣೆ ಮಾಡಲು ಮೋಟಾರು ಇನ್ಸ್‌ಪೆಕ್ಟರು ಬರುವ ಮೊದಲು ಮಾವ ನನ್ನನ್ನು ಕರೆದು, "ಬಿಲ್ಲೆ ತೆಗೆದ್ಬಿಡೋ" ಎಂದ. ತೆಗೆದೆ.

ಬಂದವರು ಚಕ್ರ ಅಲ್ಲಾಡಿಸಿ ನೋಡಿ, "ಗಾಡಿ ಸರಿಯಾಗೇ ಇದೆಯಲ್ಲ" ಎಂದರು.

"ಚಕ್ರ ಇನ್ನೂ ಹೊರಕ್ಕಿತ್ತು ಸ್ವಾಮಿ. ಬಿಲ್ಲೆ ಇವನೇ ಹಾಕಿದ್ದು, ಕೇಳಿ" ಎಂದ ಡ್ರೈವರು. ನನ್ನ ಕಡೆ ತಿರುಗಿ, "ಹೇಳಪ್ಪಾ, ನನ್ ಹೊಟ್ಟೆಪಾಡು ಐತೆ."

ಮಾವ ಕೆಮ್ಮಿದ. ನಾನು, "ಮೊದಲಿಂದ್ಲೂ ಹಿಂಗೇ ಇತ್ತು ಸಾರ್" ಎಂದುಬಿಟ್ಟೆ.

ಇನ್ಸ್‌ಪೆಕ್ಟರು ಡ್ರೈವರಿನ ಲೈಸೆನ್ಸು ಕೇಳಿದರು. ಅವನು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬಲಗೈಗೆ ಬಟ್ಟೆ ಸುತ್ತಿತ್ತು. ಎಡಗೈಯಿಂದ ಕಷ್ಟಪಟ್ಟು ಜೇಬಿನಿಂದ ಲೈಸೆನ್ಸು ಎಳೆದು ಇನ್ಸ್‌ಪೆಕ್ಟರ ಮುಂದೆ ಚಾಚಿದ.

"ಎಡಗೈನಾಗೆ ಕೊಡ್ತಾ ಇವ್ನಿ, ತಪ್ಪು ತಿಳ್ಕಬ್ಯಾಡಿ ಸ್ವಾಮಿ" ಎಂದ.