ಮುಂದಿನ ಎಡ ಟೈರು ಮತ್ತು ನನ್ನ ಸಿಟ್ಟು

ಸೇಡಂನ ಪೆಟ್ರೋಲ್ ಬಂಕಿನಲ್ಲಿ ಕಾರು ನಿಲ್ಲಿಸಿದಾಗಲೆಲ್ಲ ನಾನೊಂದು ಸಣ್ಣ ಸಂಗತಿಯನ್ನು ಗಮನಿಸುತ್ತ ಬಂದಿದ್ದೇನೆ. ಸ್ಟೇರಿಂಗ್ ಹಿಡಿದು ಕೂತವಳು ನಾನು, ಗಾಜು ಇಳಿಸಿದವಳು ನಾನು, ಹೇಳಲೆಂದು ಬಾಯಿ ತೆರೆದವಳೂ ನಾನು. ಆದರೆ ಪೈಪು ಹಿಡಿದ ಮನುಷ್ಯ ನನ್ನ ಮೂಗಿನ ಮುಂದೆಯೇ ಕತ್ತು ಚಾಚಿ, ಎಡಗಡೆ ಕೂತು ಬಾಳೆಹಣ್ಣು ಸುಲಿಯುತ್ತಿರುವ ನನ್ನ ಯಜಮಾನರನ್ನು ಕೇಳುತ್ತಾನೆ: "ಸಾಹೇಬ್ರ, ಎಷ್ಟು ಹಾಕ್ಲಿ?" ಬಹುಶಃ ಎಡಗಡೆಯ ಸೀಟೇ ಯಜಮಾನಿಕೆಯ ಪೀಠವಿರಬೇಕು, ಬಲಗಡೆ ಕೂತವರನ್ನು ಬರೀ ಡ್ರೈವರೆಂದು ತಿಳಿಯುತ್ತಾರೇನೋ ಎಂದು ಔದಾರ್ಯ ತೋರಿ, ಒಂದು ದಿನ ಸೀಟು ಬದಲಿಸಿ ಪರೀಕ್ಷೆ ಮಾಡಿದೆ. ಯಜಮಾನರು ಬಲಕ್ಕೆ, ನಾನು ಎಡಕ್ಕೆ. ಅದೇ ಮನುಷ್ಯ ಬಂದ, ಎಡಕ್ಕೆ ತಿರುಗಿಯೂ ನೋಡದೆ ಬಲಗಡೆಯ ಕಿಟಕಿಯಲ್ಲಿ ಬಗ್ಗಿ, "ಸಾಹೇಬ್ರ, ಎಷ್ಟು ಹಾಕ್ಲಿ?" ಎಂದ. ದೋಷ ಸೀಟಿನದಲ್ಲವೆಂದು ಅಂದೇ ಸಿದ್ಧವಾಯಿತು. 'ಚಾಲಕ' ಎಂಬ ಶಬ್ದಕ್ಕೆ ವ್ಯಾಕರಣದಲ್ಲಿ ಸ್ತ್ರೀಲಿಂಗವಿದೆ, ಬಂಕಿನಲ್ಲಿ ಇಲ್ಲ.

ಇಷ್ಟಕ್ಕೇ ಸಿಟ್ಟೇ ಎಂದು ಹುಬ್ಬೇರಿಸಬೇಡಿ. ಇದು ಪೀಠಿಕೆ ಮಾತ್ರ.

ನಾನು ಚಿತ್ತಾಪುರದ ಕಾಲೇಜಿನಲ್ಲಿ ಕನ್ನಡ ಕಲಿಸುತ್ತೇನೆ. ಯಜಮಾನರು ಸಿದ್ರಾಮಪ್ಪ, ಮಳಖೇಡದ ಸಿಮೆಂಟ್ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಪುಡಿ ಜರಡಿ ಹಿಡಿಯುವ ಸಾಧು ಪ್ರಾಣಿ. ಹೈದರಾಬಾದಿನಲ್ಲಿ ದಂತವೈದ್ಯನಾಗಿರುವ ನನ್ನ ತಮ್ಮ ಮಲ್ಲಿಕಾರ್ಜುನ, ಎರಡೇ ಸೀಟಿನ ಕೆಂಪು ಸ್ಪೋರ್ಟ್ಸ್ ಕಾರೊಂದನ್ನು ಕೊಂಡು, ಎರಡೇ ವರ್ಷದಲ್ಲಿ ಬೆನ್ನುನೋವು ತಂದುಕೊಂಡ. ದಿನವಿಡೀ ಪರರ ಬಾಯೊಳಗೆ ಬಗ್ಗಿ ನೋಡುವವನ ಬೆನ್ನು, ಸಂಜೆ ನೆಲದ ಮಟ್ಟದ ಸೀಟಿಗೆ ಬಗ್ಗಲು ಒಪ್ಪಲಿಲ್ಲ. "ಅಕ್ಕಾ, ನೀ ಒಯ್ಯಿ. ಓಡಿಸ್ದೆ ಬಿಟ್ರ ಗಾಡಿ ಕೆಡ್ತದ. ನನಗ ಗಾಡಿ ಕಲಿಸ್ದಾಕಿ ನೀನೇ ಅಲ್ಲ" ಎಂದು ಕೀಲಿ ಕೊಟ್ಟ. ನಿಜ. ನಮ್ಮಪ್ಪ ಚಂದ್ರಂಪಳ್ಳಿ ಕೆರೆಯ ಕಟ್ಟೆಯ ಮೇಲೆ ನೀರಾವರಿ ಇಲಾಖೆಯ ಕೆಲಸದಲ್ಲಿದ್ದಾಗ, ನಾನು ಅಪ್ಪನಿಂದ ಜೀಪು ಕಲಿತು, ನನ್ನಿಂದ ಅವನು ಕಲಿತ. ಏರಿನಲ್ಲಿ ಜೀಪು ಬಂದ್ ಬಿದ್ದಾಗಲೆಲ್ಲ ಅವನು ಅಳುತ್ತಿದ್ದ, ನಾನು ಕಣ್ಣೊರೆಸಿ ಮತ್ತೆ ಕೂರಿಸುತ್ತಿದ್ದೆ.

ಆದರೆ ಆ ಕಾರನ್ನು ಇಲ್ಲಿ ಎಲ್ಲಿ ಓಡಿಸುವುದು? ವಾಡಿಯ ಕಡೆ ಹೋದರೆ ಸಿಮೆಂಟ್ ಲಾರಿಗಳ ಮೆರವಣಿಗೆ, ಶಹಾಬಾದಿನ ಕಡೆ ಹೊರಳಿದರೆ ನೆಲಕ್ಕೆ ಹಾಸುವ ಫರಸಿ ಕಲ್ಲು ಹೇರಿಕೊಂಡ ಟ್ರ್ಯಾಕ್ಟರುಗಳ ಸಾಲು, ನಡುವೆ ಊರಿಗೊಂದು ಸಾಲದೆಂದು ಮನೆಗೊಂದರಂತೆ ಎಬ್ಬಿಸಿದ ಸ್ಪೀಡ್ ಬ್ರೇಕರುಗಳು. ಪ್ರತಿಯೊಂದರ ಮೇಲೂ ಪಾಪದ ಕಾರು ಹೊಟ್ಟೆ ಕೆರೆದುಕೊಂಡು ನರಳುತ್ತಿತ್ತು. ಅದಕ್ಕೆ ತಮ್ಮನೇ ದಾರಿ ಹುಡುಕಿದ. ಹೈದರಾಬಾದಿನ ಆಚೆ ರೇಸಿನ ಟ್ರ್ಯಾಕೊಂದಿದೆ. ಕೆಲವು ಭಾನುವಾರ ಸಾಮಾನ್ಯ ಜನರೂ ತಮ್ಮ ಕಾರು ತಂದು ಸುತ್ತು ಹಾಕಬಹುದು. ಸ್ಪರ್ಧೆಯಿಲ್ಲ, ಪದಕವಿಲ್ಲ, ಎದುರಿನಿಂದ ಎಮ್ಮೆ ಬರುವುದಿಲ್ಲ. ಹೋಳಿ ಹುಣ್ಣಿಮೆ ಮುಗಿದ ಮೇಲೆ, ಬಿಸಿಲು ಹಲ್ಲು ಕಿರಿಯಲು ಶುರುಮಾಡಿದ ಒಂದು ಭಾನುವಾರ, ನಾನೂ ಯಜಮಾನರೂ ಹೋದೆವು.

ಅಲ್ಲಿನ ತರಬೇತುದಾರರು ಮಾಣಿಕ ರೆಡ್ಡಿ. ತಾಂಡೂರಿನವರಾದ್ದರಿಂದ ನಮ್ಮ ಗಡಿಗನ್ನಡ ಸಲೀಸು. ನಾನು ಹೆಲ್ಮೆಟ್ ಹಾಕಿಕೊಂಡು ನಿಂತಿದ್ದೇನೆ. ಯಜಮಾನರ ಕೈಯಲ್ಲಿ ಬುತ್ತಿ ಚೀಲವಿದೆ. ರೆಡ್ಡಿಯವರು ನೇರವಾಗಿ ಬುತ್ತಿಯ ಬಳಿಗೆ ಹೋದರು.

"ಸಾರ್, ಮೇಡಂಗ ಹೇಳ್ರಿ. ಮೊದಲ್ನೇ ಸುತ್ತು ಸಾವ್ಕಾಸ ಹೋಗ್ಬೇಕು. ಟೈರು ಥಂಡಿ ಇರ್ತಾವ, ನೆಲ ಹಿಡಿಯಂಗಿಲ್ಲ."

"ಆಕಿ ಇಲ್ಲೇ ನಿಂತಾಳಲ್ರಿ" ಎಂದರು ನಮ್ಮವರು.

"ಹೌದ್ರಿ ಸಾರ್. ನೀವು ಹೇಳಿದ್ರ ಛಲೋ ತಿಳೀತದ."

ಆಮೇಲೆ ಏನು ಹೇಳಿದರೋ, ನನ್ನ ಕಿವಿಗೆ ಬೀಳಲಿಲ್ಲ. ಹೆಲ್ಮೆಟ್ಟಿನೊಳಗೆ ಸಿಟ್ಟಿನ ಸದ್ದೇ ಜೋರಾಗಿತ್ತು. ಕೂತೆ, ಹೊರಟೆ, ಮೊದಲ ತಿರುವಿನಲ್ಲೇ ಕಾರಿನ ಹಿಂಭಾಗ ನನಗಿಂತ ಮುಂಚೆ ತಿರುಗಿ, ನಾನು ಹುಲ್ಲಿನ ಮೇಲೆ ಧೂಳೆಬ್ಬಿಸಿಕೊಂಡು, ಬಂದ ದಾರಿಯನ್ನೇ ನೋಡುತ್ತ ನಿಂತೆ. ಬುದ್ಧಿ ಬರಬೇಕಿತ್ತು, ಹಟ ಬಂತು. ಮುಂದಿನ ಸುತ್ತುಗಳಲ್ಲಿ ತಿರುವಿನ ಒಳಗೆ ಬಂದ ಮೇಲೆ ಬ್ರೇಕ್ ಒತ್ತಿದೆ. ಸ್ಟೇರಿಂಗ್ ತಿರುಗಿಸಿದರೂ ಕಾರು ನೇರ ಜಾರಿದಾಗ ಇನ್ನಷ್ಟು ತಿರುಗಿಸಿದೆ. ಟೈರುಗಳು ಒಂದೇ ಸಮನೆ ಕಿರುಚಿದವು. ಅದು ವೇಗಕ್ಕೆ ಸಿಕ್ಕ ಜಯಘೋಷವೆಂದು ನಾನು ಭಾವಿಸಿದ್ದೆ.

ಇಳಿದು ನೋಡಿದರೆ ಮುಂದಿನ ಎಡ ಟೈರಿನ ಹೊರ ಅಂಚು, ವಿದ್ಯಾರ್ಥಿಗಳು ತಪ್ಪು ಉಜ್ಜಿ ಉಜ್ಜಿ ಹಾಳುಗೆಡವಿದ ರಬ್ಬರಿನಂತಾಗಿತ್ತು; ಕರಿಯ ಹೊಪ್ಪಳೆಗಳು ಸುರುಳಿ ಸುರುಳಿಯಾಗಿ ಎದ್ದಿದ್ದವು. ಆ ಟ್ರ್ಯಾಕಿನಲ್ಲಿ ಬಲ ತಿರುವುಗಳೇ ಹೆಚ್ಚು. ಬಲಕ್ಕೆ ತಿರುಗುವಾಗ ಕಾರಿನ ಭಾರವೆಲ್ಲ ಬೀಳುವುದು ಈ ಎಡಗಡೆಯ ಬಡಪಾಯಿಯ ಮೇಲೆ. ರೆಡ್ಡಿಯವರು ಟೈರನ್ನು ನೋಡಿ, ಆಮೇಲೆ ಯಜಮಾನರನ್ನು ನೋಡಿ, ಅನುಕಂಪದಿಂದ ತಲೆಯಾಡಿಸಿದರು.

ಮರುವಾರ ಶಹಾಬಾದಿನ ಖಾಜಾಭಾಯಿಯ ಟೈರ್ ಅಂಗಡಿಗೆ ಹೋದೆವು. ಕಾರು ನೋಡಲು ಪಕ್ಕದ ಚಹಾದಂಗಡಿಯೇ ಎದ್ದು ಬಂತು. ಖಾಜಾಭಾಯಿ ಸವೆದ ಅಂಚಿನ ಮೇಲೆ ಬೆರಳಾಡಿಸಿ ತೀರ್ಪಿತ್ತರು: "ನೋಡ್ರಿ ಸಾಹೇಬ್ರ, ಹೆಣ್ಮಕ್ಕಳು ಓಡಿಸಿದ ಗಾಡಿ ಟೈರ್ ನೋಡಿದ್ರನೇ ಗೊತ್ತಾಗ್ತದ."

"ಖಾಜಾಭಾಯಿ, ಓಡಿಸಿದಾಕಿ ನಾನು. ಏನ್ ಹೇಳೋದಿದ್ರೂ ನನಗ ಹೇಳ್ರಿ" ಎಂದೆ.

ಅವರು ನನ್ನತ್ತ ಬಹಳ ಮರ್ಯಾದೆಯಿಂದ ತಿರುಗಿ, "ಹೌದ್ರಿ ಅಕ್ಕೋರ, ಅದಕ್ಕೇ ಸಾಹೇಬ್ರಿಗಿ ಹೇಳ್ಲಿಕತ್ತೀನಿ" ಎಂದರು.

ಚಹಾದಂಗಡಿ ನಕ್ಕಿತು. ಖಾಜಾಭಾಯಿ ಎಡದ ಟೈರನ್ನು ಬಲಕ್ಕೆ, ಬಲದ ಟೈರನ್ನು ಎಡಕ್ಕೆ ಹಾಕಿಕೊಟ್ಟರು. ಚಾಲಕಿಗೂ ಚಾಲಾಕಿಗೂ ನಡುವೆ ಇರುವುದು ಒಂದೇ ಒಂದು ದೀರ್ಘವೆಂದು ಅವರಿಗೆ ಹೇಳಬೇಕೆನಿಸಿತು. ಆದರೆ ವ್ಯಾಕರಣದಿಂದ ಯಾರ ಬಾಯನ್ನೂ ಮುಚ್ಚಿಸಲಾಗದೆಂಬುದು ನನ್ನ ಇಷ್ಟು ವರ್ಷದ ಅಧ್ಯಾಪನದ ಸಾರ.

ಇಷ್ಟನ್ನೂ ನುಂಗಿಕೊಳ್ಳುತ್ತಿದ್ದೆ. ನುಂಗಲಾಗದೆ ಹೋದದ್ದು ತಮ್ಮನ ಫೋನು. ರೆಡ್ಡಿಯವರು ಟೈರಿನ ಫೋಟೋ ಅವನಿಗೂ ಕಳಿಸಿದ್ದರು.

"ಅಕ್ಕಾ, ಸಿಟ್ಟಾಗಬ್ಯಾಡ. ಮುಂದಿನ ಸಲ ಮಾಮಾ ಓಡಿಸ್ಲಿ. ಅವರ ಕೈ ಭಾಳ ಸಾವ್ಕಾಸ ಅದ. ಹಿಂಗೇ ಟೈರು ತಿಂದ್ರ ಗಾಡಿ ಇಟ್ಕೊಂಡು ಏನ್ ಮಾಡೋದು? ಯಾರೋ ಕೇಳ್ಲಿಕತ್ಯಾರ, ಕೊಟ್ಟುಬಿಡ್ತೀನಿ."

ಪೆಟ್ರೋಲ್ ಹಾಕುವವನು ಅಪರಿಚಿತ. ರೆಡ್ಡಿ, ಖಾಜಾಭಾಯಿ ಅರೆಪರಿಚಿತರು. ಆದರೆ ಇವನು, ನನ್ನ ಪಕ್ಕದಲ್ಲಿ ಕೂತು ಕ್ಲಚ್ ಬಿಡಲು ಕಲಿತವನು! ಅಂದು ಮನೆಯಲ್ಲಿ ಪುಂಡಿಪಲ್ಯಕ್ಕೆ ಖಾರ ಎರಡು ಸಲ ಬಿತ್ತು. ಯಜಮಾನರು ಕಣ್ಣಲ್ಲಿ ನೀರು ತುಂಬಿಕೊಂಡು ಉಂಡರೇ ಹೊರತು ಕಾರಣ ಕೇಳಲಿಲ್ಲ.

ಸಿಟ್ಟಿನಿಂದ ಒಂದು ಉಪಕಾರವಾಯಿತು: ಕಲಿಯಬೇಕೆನಿಸಿತು. ರೆಡ್ಡಿಯವರಿಗೆ ಫೋನು ಮಾಡಿದೆ. "ಸಾರ್ ಇದ್ದಾರೇನ್ರಿ?" ಎಂದರು. "ಇಲ್ರಿ. ಕಾರ್ಖಾನೆಗೆ ಹೋಗ್ಯಾರ. ನಾನೇ ಇದ್ದೀನಿ, ನನಗೇ ಹೇಳ್ಬೇಕಾಗ್ತದ" ಎಂದೆ. ಬೇರೆ ಗಂಡು ಕಿವಿ ಸಿಗದಿದ್ದಾಗ ಮನುಷ್ಯ ಎಷ್ಟು ಚೆನ್ನಾಗಿ ವಿವರಿಸಿದರು! ಟೈರಿನ ಹಿಡಿತವೆಂದರೆ ಒಂದೇ ರೊಟ್ಟಿ. ಬ್ರೇಕಿಗೆ ಪೂರ್ತಿ ಕೊಟ್ಟರೆ ತಿರುವಿಗೆ ಉಳಿಯುವುದಿಲ್ಲ. ಆದ್ದರಿಂದ ನೇರ ದಾರಿಯಲ್ಲೇ ಬ್ರೇಕು ಮುಗಿಸುತ್ತ ಬಂದು, ಕಾಲು ಹಗುರ ಮಾಡುತ್ತ, ಸ್ಟೇರಿಂಗನ್ನು ಒಂದೇ ಸಲ ಮೆತ್ತಗೆ ತಿರುಗಿಸಬೇಕು. ಮುಂದಿನ ಟೈರು ಜಾರತೊಡಗಿದರೆ ಇನ್ನಷ್ಟು ತಿರುಗಿಸಬಾರದು. ವೇಗ ತುಸು ಇಳಿಸಿ ಕಾಯಬೇಕು, ಹಿಡಿತ ತಾನಾಗಿ ಮರಳುತ್ತದೆ. ಕಾದ ಟೈರಿನೊಳಗೆ ಗಾಳಿ ಉಬ್ಬುತ್ತದೆ, ಅದನ್ನು ಅಳೆದು ಸ್ವಲ್ಪ ಬಿಡಬೇಕು. ನಡುನಡುವೆ ಒಂದು ಸುತ್ತು ನಿಧಾನ ಹೋಗಿ ಆರಲು ಬಿಡಬೇಕು.

"ಟೈರು ಮೊದ್ಲ ಗುನುಗ್ತದ ಮೇಡಂ, ಆಮ್ಯಾಲ ಕಿರಚ್ತದ. ಗುನುಗೂಮಟ ಓಡಿಸ್ರಿ. ಕಿರಚಿತಂದ್ರ ಸವೀಲಿಕತ್ತದ ಅಂತ ಅರ್ಥ" ಎಂದರು.

ಮತ್ತೆ ಹೋದದ್ದು ಚಳಿಗಾಲದಲ್ಲಿ. ತಮ್ಮನೂ ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ಬಂದಿದ್ದ. ಕಾರು ಅವನದು, ಅವನ ಷರತ್ತಿನಂತೆ ಮೊದಲ ಸರದಿ ಯಜಮಾನರದು. ಅವರಿಗೆ ಇದರಲ್ಲಿ ಎಳ್ಳಷ್ಟೂ ಆಸೆಯಿರಲಿಲ್ಲ. ಹೆಲ್ಮೆಟ್ಟಿನೊಳಗಿಂದ ನನ್ನನ್ನು ನೋಡಿದ ನೋಟದಲ್ಲಿ ಕ್ಷಮಾಯಾಚನೆಯಿತ್ತು. ಹೋದರು, ಭಯದಿಂದ ಪ್ರತಿ ತಿರುವಿನ ನಡುವೆ ಬ್ರೇಕ್ ಒತ್ತಿದರು, ಸ್ಟೇರಿಂಗನ್ನು ಬಾವಿಯ ಹಗ್ಗದಂತೆ ಜಗ್ಗಿದರು. ಮರಳಿದಾಗ ಮುಂದಿನ ಎಡ ಟೈರಿನ ಹೊರ ಅಂಚಿನಲ್ಲಿ ಅವೇ ಕರಿಯ ಸುರುಳಿಗಳು.

ಆಗ ಸುತ್ತ ನಿಂತ ಮಹನೀಯರು ಹೇಳಿದ್ದನ್ನು ಕೇಳಿ. ಒಬ್ಬರು, ಟ್ರ್ಯಾಕಿನ ನೆಲ ಬಹಳ ಒರಟು ಎಂದರು. ಇನ್ನೊಬ್ಬರು, ಟೈರೇ ಹಳೇ ಸ್ಟಾಕು ಎಂದರು. ನನ್ನ ತಮ್ಮ, ಸ್ವೆಟರಿನ ತೋಳು ಎಳೆದುಕೊಳ್ಳುತ್ತ, "ಬಿಸಿಲಿಗಿ ಹಂಗಾಗ್ತದ ಮಾಮಾ, ನೀವೇನ್ ಮಾಡ್ತೀರಿ" ಎಂದ!

ನಾನು ಬಾಯಿ ತೆರೆಯುವಷ್ಟರಲ್ಲಿ ಯಜಮಾನರು ಹೆಲ್ಮೆಟ್ ತೆಗೆದರು. ಮದುವೆಯಾದಂದಿನಿಂದ ಅವರು ದನಿ ಏರಿಸಿದ್ದನ್ನು ನಾನು ಕಂಡಿಲ್ಲ, ಅಂದೂ ಏರಿಸಲಿಲ್ಲ.

"ಮಲ್ಲು, ನಿಮ್ಮಕ್ಕ ಓಡಿಸಿದಾಗ ಬ್ಯಾಸಗಿ ಇತ್ತು. ಆವಾಗ ಒಬ್ರೂ ಬಿಸಿಲಿನ ಹೆಸರು ತಗೀಲಿಲ್ಲ. ಇವತ್ತ ನೀ ಥಂಡಿಗಿ ನಡುಗ್ಲಿಕತ್ತಿ, ಬಿಸಿಲಿಂದ ಅಂತಿ. ಟೈರ್ ತಿಂದಾಂವ ನಾನು. ನನಗ ಓಡಿಸ್ಲಿಕ್ಕ ಬರಂಗಿಲ್ಲ. ಹಂಗಂತ ಅನ್ರಲ್ಲ, ಆಕಿಗಿ ಅಂದಂಗ."

ತಮ್ಮ ತನ್ನ ಬೂಟು ನೋಡಿಕೊಂಡ. ಯಜಮಾನರು ಕೀಲಿಯನ್ನು ನನ್ನ ಕೈಯಲ್ಲಿಟ್ಟು, "ಹೋಗಿ ಬಾ" ಎಂದರು.

ಅವೇ ಟೈರುಗಳು, ಅದೇ ಸವೆದ ಅಂಚು. ರೆಡ್ಡಿಯವರು ಗಾಳಿ ಅಳೆದು ಸರಿಮಾಡಿಕೊಟ್ಟರು. ಮೊದಲ ಸುತ್ತು ಸಣ್ಣ ಉರಿಯಲ್ಲಿ ಹಾಲು ಕಾಯಿಸುವಂತೆ ಹೋದೆ. ಸಿಟ್ಟು ಇಳಿದಿತ್ತೆಂದು ಹೇಳಿದರೆ ಸುಳ್ಳಾಗುತ್ತದೆ; ಇತ್ತು, ಆದರೆ ಕುದಿಯುತ್ತಿರಲಿಲ್ಲ. ಥಂಡಿ ಟೈರಿಗೆ ಹಿಡಿತವಿಲ್ಲ, ಅತಿ ಕಾದದ್ದಕ್ಕೂ ಇಲ್ಲ. ಸಿಟ್ಟಿಗೂ ಇದೇ ನಿಯಮವಿರಬಹುದೆಂದು ಎರಡನೆಯ ತಿರುವಿನಲ್ಲಿ ಹೊಳೆಯಿತು, ಮೂರನೆಯದರಲ್ಲಿ ಬ್ರೇಕಿನ ಚಿಂತೆ ಬಂದು ಮರೆತೂಹೋಯಿತು. ನೇರದಲ್ಲಿ ಬ್ರೇಕು, ಕಾಲು ಹಗುರ, ಕೈ ಮೆತ್ತಗೆ, ಕಾಯುವುದು, ದಾರಿ ನೇರವಾಗುತ್ತಿದ್ದಂತೆ ವೇಗ. ಟೈರು ಗುನುಗುವುದು ಸ್ಟೇರಿಂಗಿನ ಮೂಲಕ ಅಂಗೈಗೆ ಬರುತ್ತಿತ್ತು. ಒಂದು ಕಡೆ ಮುಂಭಾಗ ಜಾರಿತು. ಕೈ ಇನ್ನಷ್ಟು ತಿರುಗಿಸಲು ತವಕಿಸಿತು. ತಡೆದೆ, ಕಾದೆ, ಹಿಡಿತ ಮರಳಿತು. ನಡುವೆ ಒಂದು ಸುತ್ತು ನಿಧಾನವಾಗಿ ಹೋಗಿ, ಮತ್ತೆ ವೇಗ ಹಿಡಿದೆ. ಎಷ್ಟು ಸುಖವಾಗಿತ್ತೆಂದರೆ, ಗೋಡೆಯ ಬಳಿ ನಿಂತವರನ್ನು ನೋಡುವುದೇ ಮರೆತುಹೋಗಿತ್ತು.

ಬಂದು ನಿಲ್ಲಿಸಿದಾಗ ರೆಡ್ಡಿಯವರು ಶಾಖ ಅಳೆಯುವ ಸಾಧನವನ್ನು ಟೈರಿನ ಒಳ ಅಂಚಿಗೆ, ನಡುವಿಗೆ, ಹೊರ ಅಂಚಿಗೆ ಹಿಡಿದರು. ಮೂರೂ ಕಡೆ ಹತ್ತಿರ ಹತ್ತಿರ ಒಂದೇ ಶಾಖ, ಅಂದರೆ ಹೊರ ಅಂಚೊಂದೇ ಉಜ್ಜಿಸಿಕೊಂಡಿರಲಿಲ್ಲ. ಹೊಸ ಸುರುಳಿಗಳಿಲ್ಲ, ಹಳೆಯವೂ ಸವರಿ ಹೋಗಿ ಅಂಚು ನುಣುಪಾಗಿತ್ತು. ಅತಿ ವೇಗದ ಸುತ್ತೂ ಯಜಮಾನರದಕ್ಕಿಂತ ಮಾತ್ರವಲ್ಲ, ಬೇಸಿಗೆಯಲ್ಲಿ ಕಿರುಚಿಸಿ ಓಡಿಸಿದ ನನ್ನದಕ್ಕಿಂತಲೂ ಚುರುಕಾಗಿತ್ತು.

ತಮ್ಮ ಹತ್ತಿರ ಬಂದು, ಸಣ್ಣ ದನಿಯಲ್ಲಿ, "ಅಕ್ಕಾ, ತಪ್ಪಾತು. ಗಾಡಿ ನಿನ್ನ ಹತ್ರನೇ ಇರ್ಲಿ. ಬಾ, ಊಟ ಮಾಡೂನು" ಎಂದ.

"ಮೊದಲ್ನೇ ಸರದಿ ಮಾಮಾಂದು ಅಂತ ಎಲ್ಲಾರಿಗೂ ಕೇಳೂವಂಗ ಅಂದಿದ್ದಿ. ಈಗ ಯಾಕ ಪಿಸು ಮಾತು? ಎಲ್ಲಾರ ಮುಂದ ಹೇಳು."

ಸಣ್ಣತನವೆನ್ನುತ್ತೀರಾ? ಅನ್ನಿ. ಏಕಾಂತದಲ್ಲಿ ಕೇಳಿದ ಕ್ಷಮೆ, ಲೋಕಾಂತದಲ್ಲಿ ಆದ ಅವಮಾನಕ್ಕೆ ಸಾಲದು. ಅವನು ಸೊಂಟದ ಪಟ್ಟಿ ಸರಿಮಾಡಿಕೊಂಡು, ನೆಲ ಒರಟೆಂದವರು, ಹಳೇ ಸ್ಟಾಕೆಂದವರು, ಎಲ್ಲರ ಮುಂದೆ ನಿಂತ. "ಇಕಿ ನಮ್ಮಕ್ಕ. ನನಗ ಗಾಡಿ ಕಲಿಸಿದಾಕಿ. ಇಕಿ ಕೈಯಾಗ ಟೈರು ಉಳೀತಾವ. ಬ್ಯಾರೆ ಅಂದಿದ್ದು ನನ್ನ ತಪ್ಪು" ಎಂದ. ಹೇಳುವಾಗ ಅವನ ಕಣ್ಣಂಚು ಒದ್ದೆಯಾಯಿತು. ಕಟ್ಟೆಯ ಮೇಲೆ ಅಳುತ್ತಿದ್ದ ಹುಡುಗ ಕಂಡ. ಆದರೆ ಈ ಸಲ ನಾನು ಕಣ್ಣೊರೆಸಲು ಹೋಗಲಿಲ್ಲ. ಬುತ್ತಿ ಬಿಚ್ಚಿ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ ಅವನ ಮುಂದೆ ಇಟ್ಟೆ, ಅಷ್ಟೇ.

ಉಂಡು ಕೈತೊಳೆಯುವಾಗ ರೆಡ್ಡಿಯವರು ಬಂದು, "ಮೇಡಂ, ಮಧ್ಯಾಹ್ನ ಹೊಸಬರು ಬರ್ತಾರ. ಅವರ ಬಾಜೂಕ ಕುಂತು ಸ್ವಲ್ಪ ಹೇಳಿಕೊಡ್ತೀರೇನ್ರಿ?" ಎಂದರು. ಒಪ್ಪಿದೆ.

ಹೊಸಬರು ಬರುವ ಮೊದಲೇ, ಯಾರೂ ಕರೆಯದಿದ್ದರೂ ಹೆಲ್ಮೆಟ್ ಏರಿಸಿಕೊಂಡು ಬಲಗಡೆಯ ಸೀಟಿಗೆ ಬಂದು ಕೂತವರು ನನ್ನ ಯಜಮಾನರು. "ನನಗೂ ಬರ್ಲಿ. ಕಲಿಸು" ಎಂದರು. ನಾನು ಎಡಕ್ಕೆ ಕೂತೆ. ಮೊದಲ ತಿರುವು ಬಂತು. ಬ್ರೇಕು ತಡವಾಯಿತು, ಕೈ ಜಗ್ಗಲು ಹೊರಟಿತು. "ಕಾಲ್ ತಗೀರಿ! ಕೈ ಮೆತ್ತಗ! ತಡೀರಿ, ತಡೀರಿ!" ಎಂದು ಕೂಗಿದೆ. ಸಾಧು ಪ್ರಾಣಿ ಹೇಳಿದ್ದನ್ನು ಹೇಳಿದಂತೆ ಮಾಡಿದರು. ಎರಡನೆಯದಕ್ಕೂ ಕೂಗಿದೆ, ಮೂರನೆಯದಕ್ಕೂ. ಅಂದು ಮಧ್ಯಾಹ್ನ ಆ ಟ್ರ್ಯಾಕಿನ ಸುತ್ತ ಕಿರುಚಿದವಳು ನಾನೊಬ್ಬಳೇ. ಟೈರುಗಳು ಒಮ್ಮೆಯೂ ಕಿರುಚಲಿಲ್ಲ.